ಅಳತೆ ಪುಸ್ತಕ ಹೇಳಿದ್ದೇ ಬೇರೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುಟದಲ್ಲಿ ಓದುಗರು ಬರೆಯುವ ಹಳೆಯ ನೆನಪುಗಳನ್ನು ತಪ್ಪದೆ ಓದುತ್ತೇನೆ. ಕಳೆದ ವಾರ ಒಬ್ಬರು ರಾಜ್‌ಕುಮಾರ್ ಅಪಹರಣದ ಸುದ್ದಿ ಕೇಳಿದ ಗಳಿಗೆ ‘ನಿನ್ನೆ ಮೊನ್ನೆ ನಡೆದ ಹಾಗಿದೆ’ ಎಂದು ಬರೆದಿದ್ದಾರೆ. ನನಗೂ ಹಾಗೇ ಇತ್ತು, ಈ ಸಲದ ಗೌರಿ ಹಬ್ಬದವರೆಗೆ.

ನಾನು ದಾವಣಗೆರೆಯಲ್ಲಿ ಟೈಲರ್. 2000ದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ಮನೆಯಿಂದ ಅಣ್ಣಾವ್ರನ್ನು ಕರೆದೊಯ್ದ. ಮರುದಿನ ಬೆಳಿಗ್ಗೆ ನಾನು ಅಂಗಡಿಯಲ್ಲಿ ಕೂತು, ಮದುವೆಗೆ ಕೊಡಬೇಕಿದ್ದ ಕೆಂಪು ರೇಷ್ಮೆ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಪಕ್ಕದ ಹೋಟೆಲಿನ ಹುಡುಗ ಓಡಿ ಬಂದು ಸುದ್ದಿ ಹೇಳಿದ. ಈ ಕಥೆಯನ್ನು ನೂರು ಸಲ ಹೇಳಿದ್ದೇನೆ. ಪ್ರತಿ ಸಲವೂ ಹೆಂಡತಿ, “ಸುಮ್ನಿರಿ, ನೀವು ಆವತ್ತು ನಮ್ಮೂರು ಹರಪನಹಳ್ಳೀಲಿದ್ರಿ” ಎನ್ನುತ್ತಿದ್ದಳು.

ಹಬ್ಬಕ್ಕೆ ಅಟ್ಟ ಗುಡಿಸುವಾಗ ಆ ವರ್ಷದ ಅಳತೆ ಪುಸ್ತಕ ಸಿಕ್ಕಿತು. ಜುಲೈ 29ರ ಪುಟದಲ್ಲಿ ನನ್ನದೇ ಅಕ್ಷರ: ‘ಭೀಮನ ಅಮಾವಾಸ್ಯೆ, ಹರಪನಹಳ್ಳಿ. ಅಂಗಡಿ 4 ದಿನ ಬಂದ್.’ ಕೆಂಪು ರವಿಕೆಯೂ ಇದೆ. ಆದರೆ ನವೆಂಬರ್ 15ರ ಪುಟದಲ್ಲಿ! 108 ದಿನದ ಮೇಲೆ ಅಣ್ಣಾವ್ರ ಬಿಡುಗಡೆಯಾದ ದಿನ ಅದು. ಹುಡುಗ ಓಡಿ ಬಂದದ್ದು ಆ ಸುದ್ದಿ ಹೇಳಲು ಇರಬೇಕು. ಅಷ್ಟಕ್ಕೂ ಆಷಾಢದ ಕೊನೆಯಲ್ಲಿ ಯಾರು ಮದುವೆ ಇಟ್ಕೊಳ್ತಾರೆ? ಟೈಲರ್ ಆಗಿ ನನಗೇ ಇದು ಹೊಳೆಯಲಿಲ್ಲ ನೋಡಿ.

ಮನಃಶಾಸ್ತ್ರ ಓದಿರುವ ಮಗಳು ನಕ್ಕಳು. ನೆನಪು ಬೀರುವಿನಲ್ಲಿ ಮಡಚಿಟ್ಟ ಬಟ್ಟೆಯಲ್ಲವಂತೆ. ಕಂಡದ್ದು, ಕೇಳಿದ್ದು ಮೆದುಳಿನ ಬೇರೆ ಬೇರೆ ಕಡೆ ತುಂಡು ತುಂಡಾಗಿ ಇರುತ್ತವೆ. ಯಾವುದೋ ಒಂದು ಸುಳಿವು ಸಿಕ್ಕರೆ ಹಿಪೊಕ್ಯಾಂಪಸ್ ಎಂಬ ಭಾಗ ಅವನ್ನು ಮತ್ತೆ ಕೂಡಿಸುತ್ತದೆ. ಪೀಸ್ ಸಾಲದಿದ್ದರೆ ನಾವೂ ಬೇರೆ ಬಟ್ಟೆಯ ತುಂಡು ಸೇರಿಸಿ ಹೊಲಿಯುತ್ತೇವಲ್ವಾ, ಹಾಗೆ. ಪ್ರತಿ ಸಲ ಹೇಳುವಾಗಲೂ ಹೊಲಿಗೆ ಸ್ವಲ್ಪ ಬದಲಾಗಬಹುದು. ನೂರು ಸಲ ಹೇಳಿದ್ದೇ ನನಗೆ ಮುಳುವಾಯಿತೇನೋ.

1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದಾಗ ಉಲ್ರಿಕ್ ನೈಸರ್ ಎಂಬ ವಿಜ್ಞಾನಿ ಮರುದಿನವೇ ಎಮೊರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಸುದ್ದಿ ಎಲ್ಲಿ, ಹೇಗೆ ಕೇಳಿದಿರಿ ಎಂದು ಬರೆಸಿಟ್ಟರಂತೆ. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರನ್ನು ಮತ್ತೆ ಕೇಳಿದರೆ, ಕಾಲು ಭಾಗ ಜನರ ಉತ್ತರ ಪೂರ್ತಿ ತಪ್ಪು. ಆದರೂ ಧೈರ್ಯವಾಗಿ ಹೇಳಿದವರೇ ಜಾಸ್ತಿ. ಅವರದೇ ಕೈಬರಹ ತೋರಿಸಿದರೂ ಹಳೆಯದು ನೆನಪಾಗಲಿಲ್ಲ. ನನ್ನ ಕಥೆಯೂ ಅದೇ. ಪುಸ್ತಕ ನೋಡಿದ ಮೇಲೂ ಕಣ್ಣಿಗೆ ಬರುವುದು ಹರಪನಹಳ್ಳಿಯಲ್ಲ, ಆ ಕೆಂಪು ರವಿಕೆಯೇ.

ಹಾಗಾಗಿ ಒಂದು ಕೋರಿಕೆ. ನೆನಪು ಬರೆಯುವವರಿಗೆ ಹಳೆಯ ಡೈರಿ, ಲೆಕ್ಕದ ಪುಸ್ತಕ, ಕಾಗದ ಏನಾದರೂ ಇದ್ದರೆ ಒಮ್ಮೆ ತೆಗೆದು ನೋಡಲು ಹೇಳಿ. ತಾಳೆಯಾಗದಿದ್ದರೆ ಅದನ್ನೂ ಅಚ್ಚು ಹಾಕಿ, ಓದಲು ಇನ್ನೂ ಚೆನ್ನಾಗಿರುತ್ತದೆ. ಮನೆಯಲ್ಲಿ ವಯಸ್ಸಾದವರನ್ನು ‘ಸುಳ್ಳು ಹೇಳ್ತೀರಿ’ ಎಂದು ಗದರುವವರೂ ಸ್ವಲ್ಪ ತಡೆಯಲಿ. ನಾನು ಸುಳ್ಳು ಹೇಳಿರಲಿಲ್ಲ.

ನಮ್ಮ ಮನೆಯಲ್ಲಂತೂ ಹೆಂಡತಿ ಈಗ ಹಳೆಯ ಜಗಳಗಳನ್ನೆಲ್ಲ ಒಂದೊಂದಾಗಿ ಕೆದಕುತ್ತಿದ್ದಾಳೆ. ಅವಕ್ಕೆ ಅಳತೆ ಪುಸ್ತಕದಲ್ಲಿ ಉತ್ತರವಿಲ್ಲ.

– ಒಬ್ಬ ಟೈಲರ್, ದಾವಣಗೆರೆ