ಆ ಹಳೇ ಕೋವಿಗೆ ಪಾಲಿಶ್ ಮಾಡಿಸಬೇಡ ಮಾರಾಯ

ಪ್ರೀತಿಯ ಗೆಳೆಯಾ,

ನೋಡಿಕೊಂಡು ಬಾ ಅಂದಿದ್ದೆಯಲ್ಲ, ಆ ವಿಂಚೆಸ್ಟರ್ 1897 ಪಂಪ್ ಕೋವಿ (ನಳಿಗೆಯಡಿಯ ಮರದ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವಂಥದ್ದು), ನಿನ್ನೆ ಮಧ್ಯಾಹ್ನವಿಡೀ ಅದರ ಜೊತೆಗೇ ಕಳೆದೆ. ತೆಗೆದುಕೋ. ಆದರೆ ಪೂರ್ತಿ ಓದಿ ಆಮೇಲೆ ದುಡ್ಡು ಕೊಡು.

ನೋಡೋಕೆ ಏನೂ ಚೆನ್ನಾಗಿಲ್ಲ. ನಳಿಗೆಯ ಕಪ್ಪು ಹೋಗಿ ಬೂದು ಬಣ್ಣ ಬಂದಿದೆ, ಪಂಪಿನ ಮರದ ಮೇಲಿನ ಗೆರೆಗಳು ಕೈ ಸವರಿ ಸವರಿ ನುಣ್ಣಗಾಗಿವೆ. ನನಗೆ ಹಿಡಿಸಿದ್ದೇ ಅದು. ಹಿಂದೊಮ್ಮೆ ಮಿರಮಿರ ಮಿಂಚುತ್ತಿದ್ದ ಒಂದನ್ನು ಕೊಂಡು ಮೋಸ ಹೋಗಿದ್ದೆನಲ್ಲ, ಅದರ ಅಕ್ಷರಗಳೆಲ್ಲ ಉಜ್ಜಿ ಮಸುಕಾಗಿದ್ದವು, ತುಕ್ಕು ತಿಂದ ಗುಳಿಗಳನ್ನೇ ಬಣ್ಣದಡಿ ಮುಚ್ಚಿದ್ದರು. ಇದರಲ್ಲಿ ಅಕ್ಷರಗಳ ಅಂಚು ಇನ್ನೂ ಉಗುರಿಗೆ ತಾಗುತ್ತದೆ. ಸ್ಕ್ರೂಗಳ ತಲೆಯೂ ಕಿತ್ತುಹೋಗಿಲ್ಲ, ಅಂದರೆ ಸಿಕ್ಕಸಿಕ್ಕವರು ಬಿಚ್ಚಿಲ್ಲ.

ನಳಿಗೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಒಳಗೆ ಬೆಳಕಿನ ಉಂಗುರಗಳು ದುಂಡಗೆ ಬಂದವು, ತುದಿಯ ಹತ್ತಿರ ಮಾತ್ರ ಒಂದು ಉಂಗುರ ಸೊಟ್ಟಗಾಯಿತು. ಹೊರಗಿನಿಂದ ಬೆರಳಾಡಿಸಿದರೆ ಅಲ್ಲೊಂದು ಸಣ್ಣ ತಗ್ಗು. ಗೊತ್ತಿರುವ ಕೆಲಸಗಾರ ಅದನ್ನು ಎತ್ತಬಲ್ಲ. ಉಬ್ಬಾಗಿದ್ದರೆ ಬೇಡ ಅಂತಲೇ ಹೇಳುತ್ತಿದ್ದೆ.

ಈಗ ನಿಜವಾದ ತಲೆನೋವು. ಇದು 16 ಬೋರ್, ಅಂದರೆ ನಳಿಗೆಯ ಒಳಗಿನ ಅಗಲದ ಅಳತೆ ಅದು. ಇಂಥ ಹಳೇ 16 ಬೋರ್ ಕೋವಿಗಳಲ್ಲಿ ಹಲವದರಲ್ಲಿ ತೋಟಾ ಕೂರುವ ಜಾಗದ ಉದ್ದ 2 9/16 ಅಂಗುಲ, ಈಗಿನ ತೋಟಾ 2 3/4. ಉದ್ದದ್ದು ಇದರೊಳಗೆ ಹೋಗುವುದೇ ಇಲ್ಲ ಅಂದುಕೊಂಡೆಯಾ? ಆರಾಮಾಗಿ ಹೋಗುತ್ತದೆ, ಮೋಸ ಇರುವುದೇ ಅಲ್ಲಿ. ಯಾಕೆಂದರೆ ಆ ಅಳತೆ ಸಿಡಿದು ಬಾಯಿ ಬಿಚ್ಚಿಕೊಂಡ ತೋಟಾದ್ದು. ಹಾರಿಸಿದಾಗ ತೋಟಾದ ಬಾಯಿಯ ಮಡಿಕೆ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಆ ಜಾಗವನ್ನು ಅಳೆಸದೆ ಒಂದೇ ಒಂದು ತೋಟಾವನ್ನೂ ಹಾರಿಸಬೇಡ, ಆಯ್ತಾ?

ಮದ್ದಿಲ್ಲದ ಡಮ್ಮಿ ತೋಟಾ ಐದು ಹಾಕಿ ಪಂಪ್ ಮಾಡಿದೆ. ನಾಲ್ಕು ಹಾರಿ ಬಿದ್ದವು, ಒಂದು ಒಳಗೇ ಸಿಕ್ಕಿಕೊಂಡಿತು. ತೋಟಾವನ್ನು ಹಿಡಿದು ಹೊರಗೆಳೆಯುವ ಕೊಕ್ಕೆಯ, ಅಂದರೆ ಎಕ್ಸ್‌ಟ್ರಾಕ್ಟರಿನ, ಸ್ಪ್ರಿಂಗ್ ಸೋತಿದೆ ಅಂತ ನನ್ನ ಗುಮಾನಿ. ತೋಟಾ ಸಿಡಿಸಲು ಬಡಿಯುವ ಹ್ಯಾಮರ್ ಅರ್ಧಕ್ಕೆ ಎಳೆದಾಗ ಗಟ್ಟಿಯಾಗಿ ನಿಂತಿತು. ಟ್ರಿಗರ್ ಒತ್ತಿಹಿಡಿದೇ ಪಂಪ್ ಮಾಡಿದರೆ ಪ್ರತಿ ಸಲವೂ ಹ್ಯಾಮರ್ ಬೀಳುತ್ತದೆ. ಕೆಟ್ಟಿದೆ ಅಂತ ಗಾಬರಿಯಾಗಬೇಡ, ಅದರ ರಚನೆಯೇ ಹಾಗೆ, ಆದರೆ ಬೆರಳಿನ ಮೇಲೆ ನಿಗಾ ಇರಲಿ.

ಅಪರೂಪದ್ದು ಅಂತ ಜಾಸ್ತಿ ಕೇಳಿದರೆ ನಕ್ಕುಬಿಡು. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಈ ಕೋವಿ 1957ರವರೆಗೆ ಹತ್ತು ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಬೆಲೆ ಇರುವುದು ಯಾರೂ ಕೈಯಾಡಿಸದೆ ಬಿಟ್ಟ ಆ ಬೂದು ಬಣ್ಣಕ್ಕೆ. ಅದನ್ನೇ ನೀನು ಪಾಲಿಶ್ ಹೊಡೆಸಿ ಹೊಸದಾಗಿ ಕಪ್ಪು ಮಾಡಿಸಬೇಕು ಅಂತಿದ್ದೀಯಲ್ಲ!

ಹಾಂ, ಪಂಪ್ ಎಳೆದಾಗ ಬೋಲ್ಟ್, ಅಂದರೆ ತೋಟಾದ ಹಿಂಬದಿ ಮುಚ್ಚುವ ಲೋಹದ ತುಂಡು, ಹಿಂದಕ್ಕೆ ಹೊರಗೇ ಬರುತ್ತದೆ. ಗೊತ್ತಿದ್ದೂ ಕೈ ಮೇಲಿಟ್ಟಿದ್ದೆ. ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಇದನ್ನೆಲ್ಲ ಟೈಪ್ ಮಾಡಿದ್ದು, ತಪ್ಪಿದ್ದರೆ ಸುಧಾರಿಸಿಕೋ.

ನಿನ್ನ ಗೆಳೆಯ