ಅಜ್ಜನ ಕಾಲು ಹೀಗೆ ಶುರುವಾಗಲಿಲ್ಲ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕಾಲಿಗೆ ತಗಡು ಕುಯ್ದಿದ್ದು, ಹೊಲಿಗೆ ಹಾಕಿಸಿದ್ದು, ಟಿಟಿ ಚುಚ್ಚಿಸಿಕೊಂಡಿದ್ದು ಎಲ್ಲಾ ನಿನ್ನಮ್ಮ ಹೇಳಿದಳು, ಅದಿರಲಿ. ಕೊನೆಗೆ ನೀನು ಬರೆದ ಸಾಲು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ‘ಪಾದ ಕೆಂಪಗೆ ಊದಿದೆ, ಮುಟ್ಟಿದರೆ ಬಿಸಿ, ನೋವು. ಅಜ್ಜನ ಕಾಲೂ ಹೀಗೇ ಶುರುವಾಗಿದ್ದಲ್ವಾ?’

ಇಲ್ಲ ಕಣೋ. ಅವರಿಗೆ ನೋವೇ ಇರಲಿಲ್ಲ.

ಕೆಂಪು, ಊತ, ಬಿಸಿ, ನೋವು. ರೋಮಿನ ಸೆಲ್ಸಸ್ ಈ ನಾಲ್ಕನ್ನು ಸುಮಾರು 2000 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ನರ್ಸಿಂಗ್ ಓದುವಾಗ ನಮಗೆ ಬಾಯಿಪಾಠ ಮಾಡಿಸಿದ್ದರು. ಗಾಯವಾದ ತಕ್ಷಣ ರಕ್ತನಾಳ ಒಂದು ಗಳಿಗೆ ಬಿಗಿದುಕೊಳ್ಳುತ್ತೆ. ಆಮೇಲೆ ಅಲ್ಲಿರೋ ಮಾಸ್ಟ್ ಅನ್ನೋ ಕೋಶಗಳು ಹಿಸ್ಟಮಿನ್ ಅನ್ನೋ ರಾಸಾಯನಿಕ ಬಿಡುತ್ತವೆ, ನಾಳಗಳು ಹಿಗ್ಗುತ್ತವೆ, ರಕ್ತ ನುಗ್ಗಿ ಬರುತ್ತೆ. ನಿನ್ನ ಪಾದದ ಕೆಂಪೂ ಬಿಸಿಯೂ ಅದರದ್ದೇ. ನಾಳದ ಗೋಡೆಯಲ್ಲಿ ಸಣ್ಣ ಸಂದುಗಳು ಬಿಟ್ಟುಕೊಂಡು, ಗದ್ದೆಗೆ ತೂಬು ತೆಗೆದ ಹಾಗೆ, ರಕ್ತದ ತಿಳಿ ಹೊರಗೆ ಹರಿಯುತ್ತೆ. ಊತ ಅಂದರೆ ಅಷ್ಟೇ. ಪ್ರೊಸ್ಟಾಗ್ಲಾಂಡಿನ್, ಬ್ರಾಡಿಕೈನಿನ್ ಅನ್ನೋ ರಾಸಾಯನಿಕಗಳು ಸೇರಿ ನೋವು ಎಬ್ಬಿಸುತ್ತವೆ, ನೀನು ಆ ಕಾಲು ಊರದಿರಲಿ ಅಂತ.

ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿರಕ್ತಕಣಗಳು ನಾಳದ ಗೋಡೆಗೆ ಅಂಟಿ, ಉರುಳಿ, ಮೈ ಹಿಂಡಿಕೊಂಡು ಆಚೆ ಬಂದು ರೋಗಾಣುಗಳನ್ನು ನುಂಗಿ ಅಲ್ಲೇ ಸಾಯುತ್ತವೆ. ಎರಡನೇ ದಿನದ ಹೊತ್ತಿಗೆ ಮ್ಯಾಕ್ರೊಫೇಜ್ ಅನ್ನೋ ದೊಡ್ಡ ಕಣಗಳು ಬಂದು ಸತ್ತದ್ದನ್ನೆಲ್ಲ ತಿಂದು ಚೊಕ್ಕಟ ಮಾಡೋಕೆ ಶುರುಮಾಡುತ್ತವೆ. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ಮಾರನೇ ದಿನ ನೋಡಿದರೆ ಕಣಗಳು ಮುಳ್ಳನ್ನ ಸುತ್ತುವರಿದಿದ್ದವಂತೆ. ಇವತ್ತಿಗೂ ನನಗೆ ಅದನ್ನು ನೆನೆದರೆ ಮೈ ಜುಂ ಅನ್ನುತ್ತೆ. ನಿನಗೆ ಗಾಯವಾಗಿ ಇವತ್ತಿಗೆ ಎರಡನೇ ದಿನ. ಊತ ಇರಬೇಕಾದ ಹೊತ್ತಿಗೇ ಇದೆ.

ಅಜ್ಜಂದು ಹಾಗಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ. ಪಾದದ ನರ ಸತ್ತಿದ್ದವು, ರಕ್ತನಾಳ ಕಿರಿದಾಗಿದ್ದವು, ಬಿಳಿಕಣಗಳಿಗೂ ಚುರುಕಿರಲಿಲ್ಲ. ಚಾಪೆ ಮೇಲೆ ಹಳದಿ ಕಲೆ ಕಂಡು ಅಮ್ಮ ಅವರ ಕಾಲೆತ್ತಿ ನೋಡಿದಾಗ ಹಿಮ್ಮಡಿ ಆಗಲೇ ಕಪ್ಪಗಾಗಿತ್ತು. ‘ಏನೂ ನೋವಿಲ್ಲ ಬಿಡೇ’ ಅಂದರಂತೆ. ನಾನಾಗ ಬೇರೆ ಊರಿನ ಡ್ರೆಸ್ಸಿಂಗ್ ರೂಮಿನಲ್ಲಿ ದಿನಾ ಯಾರ್ಯಾರದೋ ಗಾಯ ತೊಳೀತಿದ್ದೆ. ಅವರ ಹಿಮ್ಮಡಿಯನ್ನ ಒಂದು ದಿನ ಮೊದಲು ನನ್ನ ಕೈಯಲ್ಲಿ ಹಿಡಿದು ನೋಡೋ ಹಾಗಾಗಿದ್ದರೆ ಅನ್ನೋ ಕೊರಗು ಹೋಗಿಲ್ಲ, ಹೋಗೋದೂ ಇಲ್ಲ. ಅದಕ್ಕೇ ನಿನ್ನ ಸಾಲು ಅಷ್ಟು ನಾಟಿತು.

ನೀನು ನೋವು ಅಂತ ಬರೆದಿದ್ದೀಯಲ್ಲ, ಅದನ್ನ ಓದಿ ನನಗೆ ಎಷ್ಟೋ ಸಮಾಧಾನ ಆಯ್ತು.

ಡಾಕ್ಟರು ಹೇಳಿರ್ತಾರೆ, ಆದರೂ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡ. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ, ಪಾದ ಎದೆಗಿಂತ ಮೇಲಿರಲಿ. ಅಜ್ಜಿ ಫೋನಿನಲ್ಲಿ ಕಾಫಿಪುಡಿ ಅಂದರೆ ಹ್ಞೂಂ ಅನ್ನು, ಹಚ್ಚಬೇಡ. ನೋವಿನ ಮಾತ್ರೆಯನ್ನ ಖಾಲಿ ಹೊಟ್ಟೆಗೆ ನುಂಗಬೇಡ. ಮನಸ್ಸು ಒಪ್ಪದಿದ್ದರೆ ಒಂದು ಸಲ ಶುಗರ್ ಟೆಸ್ಟ್ ಮಾಡಿಸಿಬಿಡು.

ಇನ್ನೊಂದು. ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ಪೆನ್ನಿನಲ್ಲಿ ಗೆರೆ ಎಳೆ. ಕೆಂಪು ಆ ಗೆರೆ ದಾಟಿ ಹರಡಿದರೆ, ಕೀವು ಬಂದರೆ, ಜ್ವರ ಏರಿದರೆ, ಮೂರನೇ ದಿನವೂ ನೋವು ಇಳಿಯದೆ ಜಾಸ್ತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗು. ಎಷ್ಟು ಹೊತ್ತಾಗಿದ್ದರೂ ಆಟೊ ಹತ್ತಿದ ಮೇಲೆ ನನಗೊಂದು ಫೋನ್ ಮಾಡು.

ನಿನ್ನ ದೊಡ್ಡಮ್ಮ