ಅವನ ಹತ್ರ ಲೈಬ್ರರಿ ಕಾರ್ಡ್ ಇರಲಿಲ್ವಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಪುಟ ನಿನ್ನೆ ರಾತ್ರಿಯೇ ಹೋಗಬೇಕಿತ್ತು. ಪುಟ ಜೋಡಿಸುವವರು ಎರಡು ಸಲ ಮೆಸೇಜ್ ಮಾಡಿದ್ದಾರೆ. ಈಗ ರಾತ್ರಿ ಹನ್ನೊಂದೂವರೆ. ಮಕ್ಕಳು ಮಲಗಿದ್ದಾರೆ, ಅಡುಗೆಮನೆಯಲ್ಲಿ ಕಜ್ಜಾಯಕ್ಕೆ ಅಕ್ಕಿ ನೆನೆಯುತ್ತಿದೆ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಎಂದು ಕೂತೆ. ಆದರೆ ಶನಿವಾರ ಸಂಜೆ ಮಗಳು ಕೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಅದನ್ನೇ ಬರೆದುಬಿಡುತ್ತೇನೆ.

ಶನಿವಾರ ಇಡೀ ದಿನ ಮಳೆ. ಐದು ಗಂಟೆಗೇ ಕತ್ತಲು. ಸೋಫಾ ಮೇಲೆ ಹೊದಿಕೆ ಹೊದ್ದು ಎಲ್ಲರೂ 'ಬೆಟ್ಟದ ಹೂವು' ನೋಡಲು ಕೂತೆವು. ಅಕ್ಟೋಬರ್ 29 ಹತ್ತಿರ ಬಂದಾಗ ನಮ್ಮ ಮನೆಯಲ್ಲಿ ಪುನೀತ್ ಅವರ ಒಂದು ಸಿನಿಮಾ ನೋಡುವುದು ರೂಢಿ. 2021ರಲ್ಲಿ ಆ ಸುದ್ದಿ ಬಂದಾಗ ದೀಪಾವಳಿಗೆ ಒಂದು ವಾರವೂ ಇರಲಿಲ್ಲ. ಆ ವರ್ಷ ನಮ್ಮಲ್ಲಿ ಯಾರಿಗೂ ಹಬ್ಬ ಮಾಡುವ ಮನಸ್ಸಿರಲಿಲ್ಲ, ನೆನಪಿದೆ ಅಲ್ವಾ?

ಸಿನಿಮಾ ಬಂದದ್ದು 1985ರಲ್ಲಿ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಪುನೀತ್‌ಗೆ ಆಗ ಹತ್ತು ವರ್ಷದ ಆಸುಪಾಸು. ಆ ಪಾತ್ರಕ್ಕೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಬಡವರ ಮನೆಯ ಹುಡುಗ ರಾಮು. ಅವನಿಗೆ ಒಂದು ಪುಸ್ತಕ ಬೇಕು, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ'. ಅದಕ್ಕಾಗಿ ಕಾಡೆಲ್ಲ ಅಲೆದು ಹೂವು ಹುಡುಕಿ ತಂದು ಕೊಡುತ್ತಾನೆ, ಬಂದ ದುಡ್ಡು ಕೂಡಿಸುತ್ತಾನೆ. ಕೊನೆಗೆ ಆ ದುಡ್ಡಲ್ಲಿ ಪುಸ್ತಕ ಬರುವುದಿಲ್ಲ, ಮನೆಯವರಿಗೆ ಕಂಬಳಿ ಬರುತ್ತದೆ. ನಾನು ಎಷ್ಟು ಸಲ ನೋಡಿದರೂ ಆ ಜಾಗದಲ್ಲಿ ಕಣ್ಣು ತುಂಬುತ್ತದೆ.

ಮಗಳು ನನ್ನ ತೋಳು ಹಿಡಿದು ಕೇಳಿದಳು: "ಅಮ್ಮಾ, ಅವನ ಹತ್ರ ಲೈಬ್ರರಿ ಕಾರ್ಡ್ ಇರಲಿಲ್ವಾ?"

ಅವಳಿಗೆ ಒಂಬತ್ತು ವರ್ಷ. ಇಲ್ಲೇ, ಈ ಪರದೇಶದಲ್ಲೇ ಹುಟ್ಟಿದವಳು. ಶಾಲೆಗೆ ಸೇರುವ ಮೊದಲೇ ಅವಳಿಗೆ ಕಾರ್ಡ್ ಸಿಕ್ಕಿತ್ತು. ಬೇಕಾದ ಪುಸ್ತಕ ಬೇಕಾದಷ್ಟು ತಂದು, ಓದಿ, ತಿರುಗಿ ಹಾಕಿ ಬರುತ್ತಾಳೆ. ಪುಸ್ತಕಕ್ಕಾಗಿ ಒಂದು ಮಗು ಕಾಡು ಸುತ್ತಬೇಕು ಅನ್ನುವುದು ಅವಳಿಗೆ ಅರ್ಥವಾಗುವುದಾದರೂ ಹೇಗೆ? ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಹಾಕಿದಳು: "ಸರಿ, ಆ ಪುಸ್ತಕ ನಮ್ಮ ಲೈಬ್ರರೀಲಿ ಇದೆಯಾ?"

ಊರಿನ ಲೈಬ್ರರಿಯಲ್ಲಿ ಇಲ್ಲ. ನಮ್ಮ ಸಂಘದ ಪುಸ್ತಕಗಳಲ್ಲಿ ಇದೆ. ಅವು ಹದಿನಾರು ರಟ್ಟಿನ ಪೆಟ್ಟಿಗೆಗಳಲ್ಲಿ ಟೇಪ್ ಹಾಕಿಸಿಕೊಂಡು ಒಬ್ಬರ ಗ್ಯಾರೇಜಿನಲ್ಲಿ ಕೂತಿವೆ. ಇದನ್ನು ಮಗುವಿಗೆ ಹೇಗೆ ಹೇಳುವುದು ಗೊತ್ತಾಗದೆ, ಊಟಕ್ಕೆ ಹೊತ್ತಾಯಿತು ಎಂದು ಎದ್ದೆ.

ನನಗೆ ಸಿನಿಮಾದಿಂದ ಪುಸ್ತಕಕ್ಕೆ ದಾರಿ ತೋರಿಸಿದ್ದು ನನ್ನ ಸೋದರತ್ತೆ. ನಾನು ಬೆಳೆದದ್ದು ಚಿತ್ರದುರ್ಗದಲ್ಲಿ. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟಿವಿ, ಎದುರುಮನೆಯವರದು. ದೀಪಾವಳಿ ರಜೆಯಲ್ಲಿ ಒಂದು ದಿನ 'ನಾಗರಹಾವು' ಹಾಕುತ್ತಾರೆ ಎಂದು ಗೊತ್ತಾಯಿತು. ದುರ್ಗದವರಿಗೆ ಅದು ಬರೀ ಸಿನಿಮಾ ಅಲ್ಲ, ನಮ್ಮೂರ ಸಿನಿಮಾ. ಚಾಪೆ ಹಿಡಿದು ಎಲ್ಲರೂ ಹೋದೆವು. ನಡುಮನೆ ತುಂಬಿ, ಜಗಲಿ ತುಂಬಿ, ಕಿಟಕಿಯ ಹೊರಗೂ ಜನ. ಹೆಂಗಸರು ಬರುವಾಗ ಸೆರಗಿನ ಮರೆಯಲ್ಲಿ ಚಕ್ಕುಲಿ, ಕೋಡುಬಳೆ ತಂದಿದ್ದರು. ಅತ್ತೆ ಹಳೇ ಪೇಪರಿನಲ್ಲಿ ಕಜ್ಜಾಯ ಸುತ್ತಿ ತಂದಿದ್ದರು. ಕೈಯಿಂದ ಕೈಗೆ ಎಲ್ಲ ದಾಟುತ್ತಾ ಹೋಗುತ್ತಿತ್ತು.

ಮೊದಲ ಅರ್ಧ ಗಂಟೆ ಕಥೆಯ ಕಡೆ ಯಾರ ಗಮನವೂ ಇಲ್ಲ. ಎಲ್ಲರ ಕಣ್ಣೂ ಬೆಟ್ಟದ ಮೇಲೆ. "ಅಗೋ ಆ ಬಂಡೆ ನೋಡು, ನಮ್ಮ ಗೋಪಾಲಸ್ವಾಮಿ ಹೊಂಡದ ಹತ್ರದ್ದು." "ಅಲ್ಲ ಮಾರಾಯಾ, ಅದು ಆ ಕಡೇದು." ಒಬ್ಬ ತಾತ ಶೂಟಿಂಗ್ ದಿನ ತಾವೂ ಬೆಟ್ಟ ಹತ್ತಿದ್ದೆ, ವಿಷ್ಣುವರ್ಧನ್‌ನ ಇಷ್ಟು ಹತ್ರದಿಂದ ನೋಡಿದ್ದೆ ಎಂದು ಎರಡು ಕೈ ಅಗಲಿಸಿ ತೋರಿಸಿದರು. ಓಬವ್ವನ ಹಾಡು ಬಂತು. ಎಲ್ಲ ಮಾತೂ ನಿಂತುಹೋಯಿತು. ಜಯಂತಿ ಒನಕೆ ಎತ್ತಿದಾಗ ನನ್ನ ಅಜ್ಜಿ ಕೈಯಲ್ಲಿದ್ದ ಕೋಡುಬಳೆಯನ್ನು ಹಾಗೇ ಹಿಡಿದು ಕೂತಿದ್ದರು, ಬಾಯಿಗೆ ಹಾಕಲಿಲ್ಲ.

ಮನೆಗೆ ವಾಪಸ್ ಬರುವಾಗ ಅತ್ತೆ ನನ್ನ ಕೈ ಹಿಡಿದು ಹೇಳಿದರು: "ಅದು ಒಂದು ಪುಸ್ತಕ ಅಲ್ಲ ಕಣೇ, ಮೂರು. ಬಾ ಕೊಡ್ತೀನಿ." ಮಂಚದ ಕೆಳಗಿನ ಟ್ರಂಕು ಎಳೆದು ತೆಗೆದರು. ತರಾಸು ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಈ ಮೂರನ್ನೂ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದು ಸಿನಿಮಾ ಮಾಡಿದ್ದರು. ಅತ್ತೆಯ ಪುಸ್ತಕಗಳಿಗೆ ರಟ್ಟು ಕಿತ್ತುಹೋಗಿತ್ತು. ದಬ್ಬಣದಲ್ಲಿ ತಾವೇ ಹೊಲಿದು, ಮೈದಾ ಗಂಜಿಯಲ್ಲಿ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿದ್ದರು. ಒಳಗೆ ಅಲ್ಲಲ್ಲಿ ಎಣ್ಣೆ ಬೆರಳಿನ ಗುರುತು. ಕಜ್ಜಾಯ ಕರಿಯುತ್ತಾ, ಒಂದು ಕೈಯಲ್ಲಿ ಜಾಲರಿ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಿದ್ದರಂತೆ. ಎಣ್ಣೆ ತಾಗಿದ ಕಡೆ ಕಾಗದ ತೆಳ್ಳಗಾಗಿ ಹಿಂದಿನ ಪುಟದ ಅಕ್ಷರ ಇಣುಕುತ್ತಿತ್ತು.

ರಜೆಯಲ್ಲೇ ಮೂರನ್ನೂ ಓದಿ ಮುಗಿಸಿದೆ. ನಾನು ಓದಿದ ಮೊದಲ ಕಾದಂಬರಿಗಳು ಅವು. ಪುಸ್ತಕದಲ್ಲಿ ಚಾಮಯ್ಯ ಮೇಷ್ಟ್ರು ಬಂದಾಗಲೆಲ್ಲ ಅಶ್ವಥ್ ಅವರ ಮುಖವೇ ಕಾಣುತ್ತಿತ್ತು, ಅವರ ದನಿಯೇ ಕೇಳುತ್ತಿತ್ತು. ತರಾಸು ಅವರಿಗೆ ಸಿನಿಮಾ ಹಿಡಿಸಿರಲಿಲ್ಲ ಅನ್ನುವುದು ದುರ್ಗದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅತ್ತೆ ತರಾಸು ಕಡೆ, ನಾನು ಪುಟ್ಟಣ್ಣನ ಕಡೆ. ಎಷ್ಟೋ ಸಂಜೆ ಅಡುಗೆಮನೆಯಲ್ಲಿ ಕೂತು ಇಬ್ಬರೂ ವಾದ ಮಾಡಿದ್ದೇವೆ. ನನ್ನ ಮಾತನ್ನು ದೊಡ್ಡವರೊಬ್ಬರು ಕೂತು ಕೇಳಿದ್ದು ಅದೇ ಮೊದಲು. ನಾನು ವಿಮಾನ ಹತ್ತುವ ಹಿಂದಿನ ದಿನ ಅತ್ತೆ ಆ ಮೂರು ಪುಸ್ತಕಗಳನ್ನು ನನ್ನ ಬ್ಯಾಗಿಗೆ ಹಾಕಿದರು. ಇಲ್ಲಿ ನಾಲ್ಕು ಜನ ಓದಲಿ ಎಂದು ಸಂಘಕ್ಕೆ ಕೊಟ್ಟೆ. ಅವೂ ಆ ಹದಿನಾರು ಪೆಟ್ಟಿಗೆಗಳಲ್ಲಿ ಎಲ್ಲೋ ಇವೆ.

ಹಾಗಾಗಿ ಈ ದೀಪಾವಳಿಗೆ ನನ್ನದೊಂದು ಕೋರಿಕೆ. ಹಬ್ಬದ ದಿನಗಳಲ್ಲಿ ಮನೆಯಲ್ಲಿ ಎಲ್ಲರೂ ಸೇರಿ ಒಂದು ಕನ್ನಡ ಸಿನಿಮಾ ನೋಡಿ. ಪುಸ್ತಕದಿಂದ ಬಂದ ಸಿನಿಮಾ ಆಗಿರಲಿ. ನೋಡಿದ ಮೇಲೆ ಆ ಪುಸ್ತಕ ಮಕ್ಕಳ ಕೈಗೆ ಸಿಗುವ ಹಾಗೆ ಮಾಡಿ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ, ತೇಜಸ್ವಿ ಅವರ 'ಅಬಚೂರಿನ ಪೋಸ್ಟಾಫೀಸು' ಎನ್ನುತ್ತೇನೆ. ಸಣ್ಣ ಕಥಾಸಂಕಲನ. ಅದೊಂದರ ಕಥೆಗಳಿಂದಲೇ ನಾಲ್ಕು ಸಿನಿಮಾ ಬಂದಿವೆ. ಅದೇ ಹೆಸರಿನದನ್ನು 'ಬೆಟ್ಟದ ಹೂವು' ಮಾಡಿದ ಲಕ್ಷ್ಮೀನಾರಾಯಣ್ ಅವರೇ ಎಪ್ಪತ್ತರ ದಶಕದಲ್ಲಿ ಮಾಡಿದರು. ಗಿರೀಶ್ ಕಾಸರವಳ್ಳಿ ಅವರ 'ತಬರನ ಕಥೆ', ಆಮೇಲೆ ಸದಾನಂದ ಸುವರ್ಣ ಅವರ 'ಕುಬಿ ಮತ್ತು ಇಯಾಲ'. 2023ರಲ್ಲಿ 'ಡೇರ್‌ಡೆವಿಲ್ ಮುಸ್ತಫಾ'. ಇದಕ್ಕೆ ಹಣ ಹಾಕಿದವರು ತೇಜಸ್ವಿ ಅವರ ಓದುಗರೇ. ಹೈಸ್ಕೂಲ್ ಮಕ್ಕಳಿರುವ ಮನೆಯವರು ಅದರಿಂದಲೇ ಶುರು ಮಾಡಿ. ಕಾಲೇಜು, ಕ್ರಿಕೆಟ್, ಗೆಳೆತನ ಎಲ್ಲ ಇದೆ. ಮಕ್ಕಳು ಎದ್ದು ಹೋಗುವುದಿಲ್ಲ. 'ತಬರನ ಕಥೆ' ದೊಡ್ಡವರಿಗೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಆ ಮುದುಕನನ್ನು ಹಬ್ಬದ ದಿನ ನೋಡಬೇಡಿ, ಆಮೇಲೆ ಊಟ ಸೇರುವುದಿಲ್ಲ.

ಕನ್ನಡ ಓದಲು ಬಾರದ ಮಕ್ಕಳಿದ್ದರೆ ಬೇಜಾರು ಬೇಡ. ಆರ್. ಕೆ. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲೇ. ಅವರ ಪುಸ್ತಕ ಇಲ್ಲಿನ ಲೈಬ್ರರಿಗಳಲ್ಲೂ ಸಿಗುತ್ತದೆ. ಮೊದಲು ಸ್ವಾಮಿಯ ಕಥೆ ಓದಿಸಿ, ಆಮೇಲೆ ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ತೋರಿಸಿ. 'ಬೆಟ್ಟದ ಹೂವು' ಸಿನಿಮಾದ ಮೂಲವೂ ಇಂಗ್ಲಿಷ್ ಪುಸ್ತಕ, ಶರ್ಲಿ ಅರೋರಾ ಅವರ 'ವಾಟ್ ದೆನ್, ರಾಮನ್?'. ಅದೂ ಮಕ್ಕಳಿಗೆಂದೇ ಬರೆದದ್ದು.

ಹಳೇ ಸಿನಿಮಾ ಉದ್ದ. ಮಕ್ಕಳನ್ನು ಮೂರು ಗಂಟೆ ಒಂದೇ ಕಡೆ ಕೂರಿಸಬೇಡಿ. ಇಂಟರ್‌ವಲ್‌ಗೆ ನಿಲ್ಲಿಸಿ, ತಿಂಡಿ ಕೊಡಿ, ಉಳಿದದ್ದು ನಾಳೆ ನೋಡಿ. ಮುಂದೇನಾಗುತ್ತದೆ ಎಂದು ಅವರೇ ಕೇಳುತ್ತಾರೆ. ಆಗ ಪುಸ್ತಕದ ನಾಲ್ಕು ಪುಟ ಗಟ್ಟಿಯಾಗಿ ಓದಿ ಹೇಳಿ. ನಮ್ಮ ಮನೆಯಲ್ಲಿ ಇದು ನಡೆಯುತ್ತಿದೆ.

ತಿಂಡಿ ಅಂದೆ ಅಲ್ವಾ, ಕಜ್ಜಾಯದ ಬಗ್ಗೆ ಹೋದ ವರ್ಷ ಏಳೆಂಟು ಜನ ಕೇಳಿದ್ದಿರಿ. ಅಂಗಡಿಯ ಪ್ಯಾಕೆಟ್ ಅಕ್ಕಿಹಿಟ್ಟಿನಲ್ಲಿ ಮಾಡಲು ಹೋಗಬೇಡಿ, ಅದು ಒಣಹಿಟ್ಟು. ಕಜ್ಜಾಯಕ್ಕೆ ಹಸಿಹಿಟ್ಟೇ ಬೇಕು. ರಾತ್ರಿ ಅಕ್ಕಿ ನೆನೆಹಾಕಿ, ಬೆಳಗ್ಗೆ ಬಸಿದು, ಬಟ್ಟೆ ಮೇಲೆ ನೆರಳಲ್ಲಿ ಹರಡಿ. ಮುಟ್ಟಿದರೆ ತಣ್ಣಗಿರಬೇಕು, ಕೈಗೆ ನೀರು ಹತ್ತಬಾರದು. ಆಗ ಮಿಕ್ಸಿಗೆ ಹಾಕಿ, ಜರಡಿ ಹಿಡಿಯಿರಿ. ಬೆಲ್ಲದ ಪಾಕ ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತನೆ ಉಂಡೆ ಆಗಬೇಕು. ತಕ್ಷಣ ಒಲೆ ಆರಿಸಿ, ಹಿಟ್ಟು, ಗಸಗಸೆ, ಏಲಕ್ಕಿ ಸೇರಿಸಿ, ಮುಚ್ಚಿ ಒಂದು ದಿನವಾದರೂ ಇಡಿ. ಎಣ್ಣೆಗೆ ಬಿಟ್ಟಾಗ ಕರಗಿ ಹರಡಿದರೆ ಪಾಕ ಎಳೆಯದು, ಕಲ್ಲಾದರೆ ಪಾಕ ಜಾಸ್ತಿ ಬಲಿತಿದೆ. ಕರಿಯುವಾಗ ಕಿಟಕಿ ತೆಗೆದಿಡಿ, ಹೊಗೆ ಅಲಾರಂ ನೆನಪಿರಲಿ.

ಈಗ ಸೂಚನೆಗಳು, ಜಾಗ ಕಮ್ಮಿ ಇದೆ. ನವೆಂಬರ್ 1 ಭಾನುವಾರ ರಾಜ್ಯೋತ್ಸವ, ಬೆಳಗ್ಗೆ ಒಂಬತ್ತೂವರೆಗೆ ಬಾವುಟ, ನಾವು ಯಾವಾಗಲೂ ಸೇರುವ ಹಾಲ್‌ನಲ್ಲೇ. ಆ ವಾರ ಗಡಿಯಾರವೂ ಬದಲಾಗುತ್ತಿದೆ, ನೋಡಿಕೊಳ್ಳಿ. ನವೆಂಬರ್ 8 ದೀಪಾವಳಿ ಅವರವರ ಮನೆಯಲ್ಲಿ. ಸಂಘದ ಊಟ 14ರ ಶನಿವಾರ ಮಧ್ಯಾಹ್ನ. ಒಬ್ಬಟ್ಟಿಗೆ ಹೂರಣ ರುಬ್ಬಲು ಇನ್ನೂ ನಾಲ್ಕು ಮನೆಯವರು ಬೇಕು. ಮಕ್ಕಳ ನಾಟಕಕ್ಕೆ ಹೆಸರು ಕೊಡುವವರು ಈ ವಾರವೇ ಕೊಡಿ. ಕನ್ನಡ ತರಗತಿಗೆ 22ಕ್ಕೆ ರಜೆ. ಗಣೇಶನ ಹಬ್ಬದ ದಿನ ಬಿಟ್ಟುಹೋದ ಎರಡು ಸ್ಟೀಲ್ ಡಬ್ಬಿ, ಒಂದು ಇಡ್ಲಿ ತಟ್ಟೆ ನಮ್ಮ ಮನೆಯಲ್ಲಿವೆ, ಯಾರದೋ ಬಂದು ತಗೊಳ್ಳಿ. ಈ ವರ್ಷದ ಚಂದಾ ಕೊಡದವರು ದಯವಿಟ್ಟು ಕೊಡಿ.

ಇನ್ನೊಂದು ವಿಷಯ, ಬರೆಯಲು ಕಷ್ಟವಾಗುತ್ತಿದೆ. ಆ ಹದಿನಾರು ಪೆಟ್ಟಿಗೆಗಳನ್ನು ಹನ್ನೊಂದು ವರ್ಷದಿಂದ ತಮ್ಮ ಗ್ಯಾರೇಜಿನಲ್ಲಿ ಕಾಪಾಡಿದ ಅಂಕಲ್ ಆಂಟಿ ಡಿಸೆಂಬರಿನಲ್ಲಿ ಮೈಸೂರಿಗೆ ವಾಪಸ್ ಹೋಗುತ್ತಿದ್ದಾರೆ. ಇನ್ನು ಅಲ್ಲೇ ಇರುತ್ತಾರೆ. ಪ್ರತಿ ಬೇಸಿಗೆಯಲ್ಲಿ ಅಂಕಲ್ ಒಂದೊಂದೇ ಪೆಟ್ಟಿಗೆ ಬಿಚ್ಚಿ ಪುಸ್ತಕಗಳನ್ನು ಬಿಸಿಲಿಗೆ ಇಡುತ್ತಿದ್ದರು, ಹಪ್ಪಳ ಹಾಕಿದ ಹಾಗೆ ಸಾಲಾಗಿ. ಸಂಜೆ ಒರೆಸಿ, ಬೇವಿನೆಲೆ ಇಟ್ಟು ಮತ್ತೆ ತುಂಬುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಅವರ ಮನೆಯ ಮುಂದೆ ಮಾರಾಟದ ಬೋರ್ಡ್ ಬಿದ್ದಾಗಿದೆ. ನವೆಂಬರ್ ಕೊನೆಯೊಳಗೆ ಪುಸ್ತಕಗಳಿಗೆ ಬೇರೆ ಜಾಗ ಆಗಬೇಕು.

ಒಬ್ಬರ ಮನೆಯಲ್ಲೇ ಎಲ್ಲ ಇರಬೇಕಿಲ್ಲ. ನಾಲ್ಕು ಮನೆಯವರು ನಾಲ್ಕು ನಾಲ್ಕು ಪೆಟ್ಟಿಗೆ ಇಟ್ಟುಕೊಂಡರೆ ಸಾಕು. ಆದರೆ ಪೆಟ್ಟಿಗೆಯಲ್ಲಿ ಅಲ್ಲ, ದಯವಿಟ್ಟು ಶೆಲ್ಫಿನಲ್ಲಿ, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ. ಪುಸ್ತಕಗಳ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಪಟ್ಟಿ ಮಾಡುವವರು ಒಬ್ಬರು ಬೇಕು. ಹಾಗೇ ಈ ಸುದ್ದಿಪತ್ರಕ್ಕೂ ಒಬ್ಬರು ಬೇಕು. ನಾಲ್ಕು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ಪ್ರೀತಿಯಿಂದಲೇ ಮಾಡುತ್ತಿದ್ದೇನೆ, ಆದರೆ ಈಗ ಸುಸ್ತಾಗುತ್ತಿದೆ. ತಿದ್ದಲು ಬರದಿದ್ದರೂ ಪರವಾಗಿಲ್ಲ, ಕೂತು ಹೇಳಿಕೊಡುತ್ತೇನೆ.

ಅಕ್ಟೋಬರ್ 31 ಶನಿವಾರ ಬೆಳಗ್ಗೆ ಹತ್ತಕ್ಕೆ ಅಂಕಲ್ ಮನೆಯ ಗ್ಯಾರೇಜಿನಲ್ಲಿ ಪೆಟ್ಟಿಗೆ ಬಿಚ್ಚುತ್ತೇವೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಬೆಚ್ಚಗೆ ಬಟ್ಟೆ ಹಾಕಿಸಿ, ಅಲ್ಲಿ ಹೀಟರ್ ಇಲ್ಲ. ಕಾಫಿ ಆಂಟಿ ಮಾಡುತ್ತಾರೆ, ಕಜ್ಜಾಯ ನಾನು ತರುತ್ತೇನೆ. 'ಶ್ರೀ ರಾಮಾಯಣ ದರ್ಶನಂ' ಆರನೇ ಪೆಟ್ಟಿಗೆಯಲ್ಲೋ ಏಳನೆಯದರಲ್ಲೋ ಇದೆ ಎಂದು ಅಂಕಲ್ ಫೋನಿನಲ್ಲಿ ಹೇಳಿದರು. ಮಗಳಿಗೆ ಅದನ್ನು ಹೇಳಿದ್ದೇನೆ. ಯಾರೂ ಮುಟ್ಟಬಾರದಂತೆ, ಅವಳೇ ಹುಡುಕುತ್ತಾಳಂತೆ.